ಅಡುಗೆಮನೆಯ ಇತಿಹಾಸ: ಇಡ್ಡಲಿಗೆಯಿಂದ ಮೆಣಸಿನಕಾಯಿಯವರೆಗೆ

ಇತಿಹಾಸವೆಂದರೆ ಅರಸರ ವಂಶಾವಳಿ, ಯುದ್ಧ, ದಾನಶಾಸನ, ದೇವಾಲಯ ನಿರ್ಮಾಣ ಎಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ದಿನನಿತ್ಯ ಉಣ್ಣುವ ಅನ್ನಕ್ಕೂ ಒಂದು ಇತಿಹಾಸವುಂಟು. ಪ್ರತಿಷ್ಠಾ ಮಹೋತ್ಸವದ ದಿನಗಳಲ್ಲಿ ಊರೂರುಗಳಿಂದ ಬಂದ ಶ್ರಾವಕ ಶ್ರಾವಿಕೆಯರು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವಾಗ, ಎಲೆಯ ಮೇಲೆ ಬಡಿಸಿದ ಪದಾರ್ಥಗಳೆಲ್ಲ ಅನಾದಿಕಾಲದಿಂದ ನಮ್ಮವೇ ಎಂದು ಭಾವಿಸುವುದು ಸಹಜ. ವಿಚಾರಿಸಿ ನೋಡಿದರೆ ಅವುಗಳಲ್ಲಿ ಕೆಲವು ಸಾವಿರ ವರ್ಷಗಳಿಂದ ಹೆಸರನ್ನು ಉಳಿಸಿಕೊಂಡು ರೂಪವನ್ನು ಬದಲಿಸಿಕೊಂಡಿವೆ. ಮತ್ತೆ ಕೆಲವು ಸಮುದ್ರದಾಚೆಯಿಂದ ಬಂದು ಹಳೆಯ ಹೆಸರುಗಳನ್ನೇ ತಮ್ಮದಾಗಿಸಿಕೊಂಡಿವೆ. ಹಾಗಾದರೆ ನಮ್ಮ ಆಹಾರ ಸಂಪ್ರದಾಯದಲ್ಲಿ ಸ್ಥಿರವಾದುದು ಯಾವುದು? ಈ ಪ್ರಶ್ನೆಗೆ ಉತ್ತರವನ್ನು ಅರಸುವುದೇ ಪ್ರಸ್ತುತ ಲೇಖನದ ಉದ್ದೇಶ.

ವಡ್ಡಾರಾಧನೆಯ ಇಡ್ಡಲಿಗೆ

ನಮಗೆ ದೊರೆತಿರುವ ಕನ್ನಡ ಗದ್ಯಕೃತಿಗಳಲ್ಲಿ ಅತ್ಯಂತ ಪ್ರಾಚೀನವೆನಿಸಿದ 'ವಡ್ಡಾರಾಧನೆ'ಯು ಶಿವಕೋಟ್ಯಾಚಾರ್ಯರ ಹೆಸರಿನೊಡನೆ ಪ್ರಸಿದ್ಧವಾಗಿದೆ. ಅದರ ಕಾಲವನ್ನು ವಿದ್ವಾಂಸರು ಸುಮಾರು ಕ್ರಿ. ಶ. 920 ಎಂದು ಹೇಳುತ್ತಾರೆ. ಘೋರ ಉಪಸರ್ಗಗಳನ್ನು ಸಹಿಸಿ ಸದ್ಗತಿಯನ್ನು ಪಡೆದ ಮಹಾಪುರುಷರ ಹತ್ತೊಂಬತ್ತು ಕಥೆಗಳು ಅದರಲ್ಲಿವೆ. ವೈರಾಗ್ಯವನ್ನೇ ಬೋಧಿಸುವ ಈ ಗ್ರಂಥದಲ್ಲಿ ಅಡುಗೆಯ ಮಾತಿಗೆ ಎಡೆಯೆಲ್ಲಿ ಎಂದು ಅಚ್ಚರಿಯಾಗಬಹುದು. ಆದರೆ ಮನೆಗೆ ಬಂದ ಬ್ರಹ್ಮಚಾರಿಗೆ ಗೃಹಿಣಿಯು ಭಕ್ಷ್ಯಗಳನ್ನು ಬಡಿಸುವ ಪ್ರಸಂಗವೊಂದರಲ್ಲಿ ಹಲವು ತಿನಿಸುಗಳ ಪಟ್ಟಿಯೇ ಬರುತ್ತದೆ. ಅವುಗಳ ನಡುವೆ 'ಇಡ್ಡಲಿಗೆ' ಎಂಬ ಹೆಸರೂ ಇದೆ. ಇಂದು ಜಗತ್ತಿಗೆಲ್ಲ ಪರಿಚಿತವಾದ ಇಡ್ಲಿಯ ಅತಿ ಪ್ರಾಚೀನ ಉಲ್ಲೇಖವೆಂದು ಆಹಾರ ಇತಿಹಾಸಕಾರರಾದ ಕೆ. ಟಿ. ಅಚಯ ಅವರು ಎತ್ತಿ ತೋರಿಸಿದುದು ಇದನ್ನೇ. ವಿರಕ್ತಿಯನ್ನು ಹೇಳಲು ಹೊರಟ ಜೈನ ಕಥೆಗಾರನು ಗೃಹಸ್ಥನ ಮನೆಯ ಎಲೆಯನ್ನೂ ಗಮನಿಸಿದ್ದರಿಂದ ಈ ಸಾಕ್ಷ್ಯ ಉಳಿಯಿತು.

ಆದರೆ ಆ ಇಡ್ಡಲಿಗೆ ಇಂದಿನ ಇಡ್ಲಿಯೇ ಆಗಿತ್ತೆಂದು ಹೇಳುವಂತಿಲ್ಲ. ಸುಮಾರು 1025ರಲ್ಲಿ, ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿ, ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವೆಂಬ ಕೃತಿಯನ್ನು ರಚಿಸಿದನು. (ಶ್ರವಣಬೆಳಗೊಳದಲ್ಲಿ ಬಾಹುಬಲಿ ಮೂರ್ತಿಯನ್ನು ನಿರ್ಮಿಸಿದ ಗಂಗರ ಮಂತ್ರಿ ಚಾವುಂಡರಾಯನೇ ಬೇರೆ, ಇವನೇ ಬೇರೆ.) ಕೃಷಿ, ಜಲಶೋಧನೆ, ಸುಗಂಧದ್ರವ್ಯ, ಪಶುವೈದ್ಯಗಳೊಡನೆ ಪಾಕವಿಧಾನವನ್ನೂ ಹೇಳುವ ಈ ಗ್ರಂಥದಂತೆ, ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿಯನ್ನು ಸೇರಿಸಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗುಗಳಿಂದ ಹದಗೊಳಿಸಬೇಕು. ಸುಮಾರು 1130ರಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿಯೂ 'ಇಡರಿಕಾ' ಎಂಬ ಉದ್ದಿನ ತಿನಿಸು ಬರುತ್ತದೆ.

ಈ ಹಳೆಯ ವಿಧಾನಗಳಲ್ಲಿ ಇಂದಿನ ಇಡ್ಲಿಯ ಮೂರು ಲಕ್ಷಣಗಳು ಕಾಣುವುದಿಲ್ಲವೆಂದು ಅಚಯ ಅವರು ಗುರುತಿಸಿದ್ದಾರೆ. ಒಂದು, ಉದ್ದಿನೊಡನೆ ಅಕ್ಕಿಯನ್ನು ಬೆರೆಸುವುದು. ಎರಡು, ಹಿಟ್ಟನ್ನು ದೀರ್ಘಕಾಲ ಹುದುಗಿಸುವುದು. ಮೂರು, ಹಬೆಯಲ್ಲಿ ಬೇಯಿಸುವುದು. ಈ ಪದ್ಧತಿಗಳು ಇಂಡೋನೇಷ್ಯದ ಸಂಪರ್ಕದಿಂದ ಬಂದಿರಬಹುದೆಂದು ಅವರು ಊಹಿಸಿದರು. ಆ ಊಹೆಯನ್ನು ಎಲ್ಲರೂ ಒಪ್ಪಿಲ್ಲ. ಅದೇನೇ ಇರಲಿ, ಸಾವಿರ ವರ್ಷಗಳ ಹಿಂದಿನ ಹೆಸರು ನಮ್ಮ ನಾಲಗೆಯ ಮೇಲೆ ಉಳಿದಿದೆ, ತಟ್ಟೆಯಲ್ಲಿರುವ ವಸ್ತು ಮಾತ್ರ ಬೇರೆಯಾಗಿದೆ ಎಂಬುದು ಸ್ಪಷ್ಟ.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ದ್ವಿದಳ ಧಾನ್ಯವನ್ನು ಕಾಯಿಸದ ಹಾಲು, ಮೊಸರು, ಮಜ್ಜಿಗೆಗಳೊಡನೆ ಬೆರೆಸಿ ಉಣ್ಣಬಾರದೆಂದು 13ನೆಯ ಶತಮಾನದ ಪಂಡಿತ ಆಶಾಧರರ 'ಸಾಗಾರಧರ್ಮಾಮೃತ'ವು ವಿಧಿಸುತ್ತದೆ. ವ್ರತನಿಷ್ಠರಾದ ಶ್ರಾವಕರು ಇಂದಿಗೂ ಇದನ್ನು ಪಾಲಿಸುತ್ತಾರೆ. ರಾತ್ರಿಯಿಡೀ ಹುಳಿಬಂದ ಹಿಟ್ಟನ್ನೂ ವರ್ಜಿಸುವವರಿದ್ದಾರೆ. ಲೋಕದಲ್ಲಿ ಪ್ರಚಲಿತವಾದ ಪಾಕವೆಲ್ಲವೂ ವ್ರತಿಗೆ ಸಲ್ಲುವ ಪಾಕವಲ್ಲ. ಜೈನ ಗ್ರಂಥದಲ್ಲಿ ಹೆಸರಿಸಲ್ಪಟ್ಟಿದೆ ಎಂಬ ಕಾರಣದಿಂದಲೇ ಒಂದು ತಿನಿಸು ಗ್ರಾಹ್ಯವಾಗುವುದಿಲ್ಲ.

ಮಂಗರಸನ ಸೂಪಶಾಸ್ತ್ರ

ಕನ್ನಡದಲ್ಲಿ ಪಾಕಶಾಸ್ತ್ರಕ್ಕೇ ಮೀಸಲಾದ ಕಾವ್ಯವನ್ನು ನೀಡಿದವನು ಕಲ್ಲಹಳ್ಳಿಯ ಪ್ರಭುವೂ ಜೈನ ಕವಿಯೂ ಆದ ಮೂರನೆಯ ಮಂಗರಸ. 16ನೆಯ ಶತಮಾನದ ಆರಂಭದಲ್ಲಿದ್ದ ಈತನು 'ಸಮ್ಯಕ್ತ್ವ ಕೌಮುದಿ', 'ನೇಮಿಜಿನೇಶ ಸಂಗತಿ', 'ಜಯನೃಪ ಕಾವ್ಯ'ಗಳನ್ನು ರಚಿಸಿದ ಕೈಯಿಂದಲೇ 'ಸೂಪಶಾಸ್ತ್ರ'ವನ್ನೂ ಬರೆದನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆ, ಬಾಳೆ, ಹಲಸು ಮೊದಲಾದವುಗಳ ಶಾಕಪಾಕಗಳು ಇವನ ವಾರ್ಧಕ ಷಟ್ಪದಿಯಲ್ಲಿ ಕ್ರಮವಾಗಿ ಬರುತ್ತವೆ. ಧರ್ಮಕಥೆಯನ್ನು ಹೇಳಿದ ಕವಿಗೆ ಅಡುಗೆಯೂ ಕಾವ್ಯಕ್ಕೆ ತಕ್ಕ ವಸ್ತುವೆಂದು ತೋರಿತೆಂಬುದು ಹೆಮ್ಮೆಯ ವಿಷಯ.

ಮಂಗರಸನ ಅಡುಗೆಮನೆಯಲ್ಲಿ ಖಾರಕ್ಕೆ ಮೆಣಸೇ ಆಧಾರ. ಇಂದು ನಾವು ಯಾವುದಿಲ್ಲದೆ ಸಾರು, ಹುಳಿ, ಚಟ್ನಿಗಳನ್ನು ಊಹಿಸಲಾರೆವೋ ಆ ಮೆಣಸಿನಕಾಯಿ ಅಲ್ಲಿಲ್ಲ. ಅದು ಆಗಿನ್ನೂ ಕನ್ನಡನಾಡಿನ ಅಡುಗೆಯನ್ನು ಸೇರಿರಲಿಲ್ಲ.

ಮೆಣಸು ಹೋಗಿ ಮೆಣಸಿನಕಾಯಿ

ಮೆಣಸಿನಕಾಯಿಯ ತವರು ಅಮೆರಿಕ ಖಂಡ. ವಾಸ್ಕೋ ಡ ಗಾಮನು 1498ರಲ್ಲಿ ಕಲ್ಲಿಕೋಟೆಗೆ ಬಂದನು. 1510ರಲ್ಲಿ ಪೋರ್ಚುಗೀಸರು ಗೋವೆಯನ್ನು ವಶಪಡಿಸಿಕೊಂಡರು. ಅವರನ್ನು ಇಲ್ಲಿಗೆ ಸೆಳೆದ ಮುಖ್ಯ ವಸ್ತು ಪಶ್ಚಿಮ ಘಟ್ಟದ ಕರಿಮೆಣಸು. ಆ ವ್ಯಾಪಾರದ ಇತಿಹಾಸದಲ್ಲಿ ಜೈನ ರಾಣಿಯೊಬ್ಬಳ ಹೆಸರು ಅಳಿಯದೆ ನಿಂತಿದೆ. ಗೇರುಸೊಪ್ಪೆಯನ್ನು ರಾಜಧಾನಿಯಾಗಿಸಿಕೊಂಡು 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷಗಳ ಕಾಲ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. ಶರಾವತಿಯ ದಡದ ಗೇರುಸೊಪ್ಪೆಯಲ್ಲಿ ಇಂದಿಗೂ ನಿಂತಿರುವ ಚತುರ್ಮುಖ ಬಸದಿಯನ್ನು ಕಂಡವರಿಗೆ ಆ ಪಟ್ಟಣದ ಗತವೈಭವದ ಅರಿವಾಗದಿರದು.

ನಮ್ಮ ಮೆಣಸನ್ನು ಹೊರಕ್ಕೆ ಒಯ್ದ ಪೋರ್ಚುಗೀಸ್ ವರ್ತಕರೇ ಅಮೆರಿಕದ ಖಾರದ ಕಾಯನ್ನು ಒಳಕ್ಕೆ ತಂದರು. ಬಳ್ಳಿಗೆ ಮರದ ಆಸರೆ ಬೇಕು, ಮಲೆನಾಡಿನ ಮಳೆ ಬೇಕು. ಮೆಣಸಿನ ಗಿಡವಾದರೋ ಬಯಲುಸೀಮೆಯ ಹಿತ್ತಿಲಿನಲ್ಲಿಯೂ ಬೆಳೆಯುತ್ತದೆ. ಬಡವನಿಗೂ ಎಟಕುವ ಈ ಖಾರವು ಕ್ರಮೇಣ ಮೆಣಸಿನ ಸ್ಥಾನವನ್ನು ಆಕ್ರಮಿಸಿತು. ಕನ್ನಡಿಗರು ಅದಕ್ಕೆ ಹೊಸ ಹೆಸರನ್ನು ಹುಡುಕಲಿಲ್ಲ. ಮೆಣಸಿನಂತೆ ಖಾರವಾದ ಕಾಯಿಯಾದ್ದರಿಂದ 'ಮೆಣಸಿನಕಾಯಿ' ಎಂದರು. ಕೊನೆಗೆ ಮೂಲದ ಮೆಣಸೇ ತನ್ನನ್ನು ಗುರುತಿಸಿಕೊಳ್ಳಲು 'ಕಾಳುಮೆಣಸು', 'ಕರಿಮೆಣಸು', 'ಒಳ್ಳೆಮೆಣಸು' ಎಂಬ ವಿಶೇಷಣಗಳನ್ನು ಧರಿಸಬೇಕಾಯಿತು. ತುಳುವಿನಲ್ಲಿ ಇಂದು 'ಮುಂಚಿ' ಎಂದರೆ ಮೆಣಸಿನಕಾಯಿ. ಕಾಳುಮೆಣಸು 'ಎಡ್ಡೆ ಮುಂಚಿ', ಅಂದರೆ ಒಳ್ಳೆಯ ಮುಂಚಿ. ಅತಿಥಿಯು ಮನೆಯ ಯಜಮಾನನಾದ ಕಥೆಯನ್ನು ಭಾಷೆಯೇ ಹೀಗೆ ಹೇಳುತ್ತಿದೆ.

ಇಂತಹ ನಿದರ್ಶನಗಳು ಹಲವು. ಪರಂಗಿ ಹಣ್ಣಿನ ಹೆಸರೇ ಅದು ಫರಂಗಿಯವರೊಡನೆ ಬಂದಿತೆಂದು ಸಾರುತ್ತದೆ. ಸೀಮೆಬದನೆಯು ಮೆಕ್ಸಿಕೋ ಕಡೆಯದು. ಪಾಯಸಕ್ಕೆ ಹಾಕುವ ಗೋಡಂಬಿಯು ಬ್ರೆಜಿಲ್ ದೇಶದಿಂದ ಬಂದು ನಮ್ಮ ಕಾಡಿನ ಗೇರಿನ ಹೆಸರನ್ನು ಪಡೆದು 'ಗೇರುಬೀಜ'ವಾಯಿತು. ಶೇಂಗಾ, ಮುಸುಕಿನ ಜೋಳಗಳೂ ಅಮೆರಿಕದವೇ.

ಹೊಸ ಪದಾರ್ಥ, ಹಳೆಯ ಅಳತೆಗೋಲು

ಇಲ್ಲಿ ವಿಚಾರಶೀಲರಾದ ಯುವಕರು ಕೇಳುವ ಪ್ರಶ್ನೆಯೊಂದಿದೆ. ಆಲೂಗಡ್ಡೆಯೂ ಮೆಣಸಿನಕಾಯಿಯಂತೆ ಅಮೆರಿಕ ಖಂಡದಿಂದ ಬಂದುದು. ನಮ್ಮ ಪ್ರಾಚೀನ ಆಚಾರ್ಯರಾರೂ ಅದನ್ನು ಕಂಡವರಲ್ಲ, ಯಾವ ಹಳೆಯ ಶ್ರಾವಕಾಚಾರ ಗ್ರಂಥದಲ್ಲಿಯೂ ಅದರ ಹೆಸರಿಲ್ಲ. ಹಾಗಿರುವಾಗ ಮೆಣಸಿನಕಾಯಿಯನ್ನು ಸ್ವೀಕರಿಸಿ ಆಲೂಗಡ್ಡೆಯನ್ನು ವರ್ಜಿಸಲು ಆಧಾರವೇನು?

ಪ್ರಶ್ನೆ ನ್ಯಾಯವಾದುದು, ಉತ್ತರವೂ ಸ್ಪಷ್ಟವಾಗಿದೆ. ಸಮಂತಭದ್ರಾಚಾರ್ಯರು 'ರತ್ನಕರಂಡಕ ಶ್ರಾವಕಾಚಾರ'ದಲ್ಲಿ ಮೂಲಂಗಿ, ಹಸಿಶುಂಠಿ ಮೊದಲಾದವನ್ನು ತ್ಯಜಿಸಬೇಕೆಂದು ಹೇಳುವಾಗ ಹೆಸರುಗಳನ್ನಷ್ಟೇ ಕೊಟ್ಟು ನಿಲ್ಲಿಸಲಿಲ್ಲ, ಕಾರಣವನ್ನೂ ಕೊಟ್ಟರು. ದೊರೆಯುವ ಫಲವು ಅಲ್ಪ, ಆಗುವ ಜೀವಹಾನಿಯು ಅಧಿಕ ಎಂಬುದೇ ಆ ಕಾರಣ. ನೆಲದೊಳಗೆ ಬೆಳೆಯುವ ಕಂದಮೂಲಗಳು ಅನಂತ ಜೀವಗಳಿಗೆ ಆಶ್ರಯವಾದ ಅನಂತಕಾಯಗಳೆಂಬುದು ಆಗಮದ ಮತ. ಶತಮಾನಗಳ ನಂತರ ಆಲೂಗಡ್ಡೆ, ಸಿಹಿಗೆಣಸು, ಮರಗೆಣಸುಗಳು ಅಮೆರಿಕ ಖಂಡದಿಂದ ಬಂದಾಗ ನಮ್ಮ ಹಿರಿಯರು ಹೊಸ ಶಾಸ್ತ್ರವನ್ನು ಬರೆಯಬೇಕಾಗಲಿಲ್ಲ. ಹಳೆಯ ಅಳತೆಗೋಲಿನಿಂದಲೇ ಹೊಸ ವಸ್ತುವನ್ನು ಅಳೆದರು. ಮೆಣಸಿನಕಾಯಿಯು ಗಿಡದ ಮೇಲಿನ ಕಾಯಿ, ಅದನ್ನು ಕಿತ್ತರೂ ಗಿಡ ಉಳಿಯುತ್ತದೆ; ಆದ್ದರಿಂದ ಅದಕ್ಕೆ ಪ್ರವೇಶ ದೊರೆಯಿತು. ಶೇಂಗಾ ನೆಲದೊಳಗೆ ಬಲಿತರೂ ಅದು ಬೇರಲ್ಲ, ಗಡ್ಡೆಯಲ್ಲ, ಬೀಜ. ಆದುದರಿಂದಲೇ ಅದನ್ನು ಬಳಸುವ ಜೈನ ಮನೆಗಳು ಅನೇಕ. ಆಲೂಗಡ್ಡೆಯು ಕಂದ, ವ್ರತಸ್ಥರ ಅಡುಗೆಗೆ ಅದು ಸೇರಲಿಲ್ಲ. ಶ್ರವಣಬೆಳಗೊಳವಿರುವ ಹಾಸನ ಜಿಲ್ಲೆಯೇ ಆಲೂಗಡ್ಡೆಯ ಬೆಳೆಗೆ ಹೆಸರಾಯಿತು; ಆದರೂ ಬೆಟ್ಟದ ಬುಡದ ವ್ರತಸ್ಥರ ಒಲೆಯ ನಿಯಮ ಬದಲಾಗಲಿಲ್ಲ.

ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಇದೇ ಉತ್ತರ. ನಮ್ಮ ಆಹಾರ ಸಂಪ್ರದಾಯದಲ್ಲಿ ಪದಾರ್ಥಗಳು ಸ್ಥಿರವಲ್ಲ, ಪಾಕವಿಧಾನಗಳು ಸ್ಥಿರವಲ್ಲ, ಹೆಸರುಗಳೂ ಪೂರ್ಣವಾಗಿ ಸ್ಥಿರವಲ್ಲ. ಸ್ಥಿರವಾದುದು ವಿವೇಕ. 'ಇದು ಹಳೆಯದೇ?' ಎಂದಲ್ಲ, 'ಇದರಿಂದ ಎಷ್ಟು ಹಿಂಸೆಯಾಗುತ್ತದೆ?' ಎಂದು ಕೇಳುವ ವಿವೇಕ. ಈ ಕಾರಣವನ್ನು ಮರೆತು ಪಟ್ಟಿಯನ್ನು ಮಾತ್ರ ಬಾಯಿಪಾಠ ಮಾಡಿದರೆ ಮುಂದಿನ ಪೀಳಿಗೆಗೆ ನಿಯಮವು ಅರ್ಥವಿಲ್ಲದ ಕಟ್ಟಳೆಯಾಗಿ ತೋರೀತು. ಮಾರುಕಟ್ಟೆಗೆ ದಿನಕ್ಕೊಂದು ಹೊಸ ಪೊಟ್ಟಣ ಬರುತ್ತಿರುವ ಈ ಕಾಲದಲ್ಲಿ, ಯಾವ ಗ್ರಂಥದಲ್ಲಿಯೂ ಹೆಸರಿಲ್ಲದ ವಸ್ತುಗಳೇ ಹೆಚ್ಚಾಗಿರುವಾಗ, ಕಾರಣವನ್ನು ತಿಳಿದವನು ಮಾತ್ರ ನಿರ್ಣಯಿಸಬಲ್ಲನು.

ಉಳಿಸಬೇಕಾದ ಸಂಪತ್ತು

ಮೇಲಿನ ಸಂಗತಿಗಳು ನಮಗೆ ತಿಳಿದುಬಂದುದು ಓಲೆಗರಿಗಳಿಂದ. ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬ ಕೀರ್ತಿ ಇಂದಿಗೂ ಉಳಿದಿದೆ. ಬಸದಿಯ ಕಲ್ಲಿನಷ್ಟೇ ಗ್ರಂಥದ ಗರಿಯೂ ಪೂಜ್ಯವೆಂದು ಆ ಮಹಾತಾಯಿ ತಿಳಿದಿದ್ದಳು. ಶಾಸ್ತ್ರದಾನದ ಆ ಪರಂಪರೆಯಿಲ್ಲದಿದ್ದರೆ ವಡ್ಡಾರಾಧನೆಯೂ ಇಲ್ಲ, ಸೂಪಶಾಸ್ತ್ರವೂ ಇಲ್ಲ.

ಆದರೆ ಓಲೆಗರಿಯನ್ನು ಸೇರದ ಜ್ಞಾನವೂ ಬಹಳವಿದೆ. ಆಹಾರದಾನಕ್ಕೆ ಶುದ್ಧಪಾಕವನ್ನು ಸಿದ್ಧಗೊಳಿಸುವ ಕ್ರಮ, ಹಿಟ್ಟು ಮತ್ತು ಮಸಾಲೆಪುಡಿಗಳನ್ನು ಋತುವಿಗೆ ತಕ್ಕಂತೆ ಎಷ್ಟು ದಿನ ಬಳಸಬಹುದೆಂಬ ಮರ್ಯಾದೆ, ಸೂರ್ಯಾಸ್ತದ ಮುನ್ನ ಮುಗಿಸಬೇಕಾದ ಅಡುಗೆಯ ಸಿದ್ಧತೆ, ಈರುಳ್ಳಿ ಬೆಳ್ಳುಳ್ಳಿಗಳಿಲ್ಲದೆ ರುಚಿಯನ್ನು ತರುವ ಹದ, ಇವೆಲ್ಲ ನಮ್ಮ ಅಜ್ಜಿಯರ, ಅತ್ತೆಯರ ಕೈಯಲ್ಲಿವೆ. ಕಾಗದದ ಮೇಲೆ ಬಂದಿಲ್ಲ. ಅವರೊಡನೆಯೇ ಅವು ಅಳಿದುಹೋಗುವ ಕಾಲ ದೂರವಿಲ್ಲ. ಪ್ರತಿಯೊಂದು ಊರಿನ ಶ್ರಾವಿಕಾ ಸಮಾಜವೂ ತನ್ನ ಹಿರಿಯರಿಂದ ಈ ವಿಷಯಗಳನ್ನು ಕೇಳಿ, ಕಾರಣಸಹಿತವಾಗಿ ಬರೆದಿಟ್ಟರೆ ಅದು ನಮ್ಮ ಕಾಲದ ಸೂಪಶಾಸ್ತ್ರವಾದೀತು.

ಜಿನಬಿಂಬದ ಪ್ರತಿಷ್ಠೆಯೊಡನೆ ಇಂತಹ ಜ್ಞಾನದ ಪ್ರತಿಷ್ಠೆಯೂ ನಡೆಯಲಿ, ಪಂಕ್ತಿಯಲ್ಲಿ ಕುಳಿತ ಮಗುವು 'ಇದನ್ನೇಕೆ ಉಣ್ಣಬೇಕು, ಅದನ್ನೇಕೆ ಬಿಡಬೇಕು' ಎಂದು ಕೇಳಿದಾಗ ಉತ್ತರ ಹೇಳಬಲ್ಲ ಹಿರಿಯರು ಪ್ರತಿ ಮನೆಯಲ್ಲಿಯೂ ಇರಲಿ ಎಂದು ಹಾರೈಸುತ್ತೇನೆ.