ಗಡಿಸೀಮೆಯ ಜಾತ್ರೆ, ಹಾಡು ಮತ್ತು ಫೋಟೋಗ್ರಾಫರು

ಕೃಷ್ಣೆಯ ಉತ್ತರಕ್ಕೆ ನಾರಾಯಣಪೇಟೆ ಮತ್ತು ಮಕ್ತಲ, ದಕ್ಷಿಣಕ್ಕೆ ಗದ್ವಾಲ. ಈ ಸೀಮೆಯಲ್ಲಿ ಹಾಡಿನ ದೊಡ್ಡ ಕೂಟಗಳು ಬಹುಪಾಲು ಬಯಲಲ್ಲೇ ನಡೆಯುತ್ತ ಬಂದಿವೆ. ಮಕ್ತಲದ ಪಡಮಟಿ ಆಂಜನೇಯ, ಗದ್ವಾಲದ ಜಮ್ಮುಲಮ್ಮ, ಮಲ್ದಕಲ್ಲಿನ ತಿಮ್ಮಪ್ಪ, ಮಕ್ತಲದಿಂದ ಪೂರ್ವಕ್ಕಿರುವ ಕುರುಮೂರ್ತಿ ಸ್ವಾಮಿ, ಇವರ ಜಾತ್ರೆಗಳಲ್ಲಿ ತೆಲುಗು ಮತ್ತು ಕನ್ನಡ ಒಟ್ಟಿಗೇ ಕೇಳಿಸುತ್ತವೆ. ಗದ್ವಾಲ ಜಿಲ್ಲೆಯ ಉತ್ತನೂರು ಹದಿನೆಂಟನೆಯ ಶತಮಾನದ ಹರಿದಾಸ ಗೋಪಾಲದಾಸರ ಊರು. ರಾಯಚೂರು ಸೀಮೆಯ ದಾಸರ ಪದಗಳು ಇಲ್ಲಿ ಪರವೂರಿನ ಹಾಡುಗಳಲ್ಲ. ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು 1956ರ ನವೆಂಬರ್ 1ರಂದು ಆಂಧ್ರಪ್ರದೇಶಕ್ಕೆ ಸೇರುವವರೆಗೂ ರಾಯಚೂರು ಜಿಲ್ಲೆಯಲ್ಲೇ ಇದ್ದವು.

ತೇರು ಎಳೆಯುವುದು ಹಗಲಿಗೆ ಅಥವಾ ಸಂಜೆಗೆ, ಭಜನೆ ಮತ್ತು ಆಟ ಇರುಳಿಗೆ. ಜಾತ್ರೆಯ ಫೋಟೋಗ್ರಾಫರ ಕಸುಬಿನ ಚರಿತ್ರೆಯನ್ನು ರೂಪಿಸಿದ್ದು ಮುಖ್ಯವಾಗಿ ಈ ವ್ಯತ್ಯಾಸವೇ. ಕ್ಯಾಮೆರಾ ನಿಜಾಮರ ಸೀಮೆಗೆ ಬಂದ ಮೇಲೂ ಇರುಳಿನ ಹಾಡುಗಾರರು ಚಿತ್ರದಲ್ಲಿ ಚೆನ್ನಾಗಿ ಮೂಡಲು ನೂರು ವರ್ಷಕ್ಕಿಂತ ಹೆಚ್ಚು ಕಾಲ ಹಿಡಿಯಿತು. ಬೆಳಕಿಲ್ಲದ್ದೇ ಅದಕ್ಕೆ ಕಾರಣ, ಫೋಟೋಗ್ರಾಫರ ಅನಾಸಕ್ತಿಯಲ್ಲ.

ಹೈದರಾಬಾದು, ಸಿಕಂದರಾಬಾದುಗಳಲ್ಲಿ ಅಲನ್ ಸ್ಕಾಟ್ ಎಂಬ ಸೇನಾಧಿಕಾರಿ ತೆಗೆದ ಚಿತ್ರಗಳ ಪುಸ್ತಕ 1862ರಲ್ಲೇ ಹೊರಬಂದಿತ್ತು. ಅಂದಿನದು ಒದ್ದೆ ಗಾಜಿನ ಕಾಲ. ಗಾಜಿಗೆ ರಸಾಯನ ಹಚ್ಚಿ, ಅದು ಆರುವ ಮೊದಲೇ ಚಿತ್ರ ತೆಗೆದು, ಪಕ್ಕದಲ್ಲೇ ಹೂಡಿದ ಕತ್ತಲ ಡೇರೆಯಲ್ಲಿ ತೊಳೆಯಬೇಕಿತ್ತು. ಬಿಸಿಲಿನಲ್ಲೂ ಕೆಲವು ಸೆಕೆಂಡು ಮಸೂರ ತೆರೆದಿಡಬೇಕಾದ್ದರಿಂದ ಕೋಟೆ, ಗುಡಿ, ಗೋರಿಗಳು ಸ್ಪಷ್ಟವಾಗಿ ಬಂದವು, ನಡೆದಾಡುವ ಜನ ಮಸುಕಾದರು. ತಾಳ ಹಾಕುವ ಕೈ ಚಿತ್ರದಲ್ಲಿ ನಿಲ್ಲುವ ಮಾತೇ ಇರಲಿಲ್ಲ.

ಕಾರ್ಖಾನೆಯಲ್ಲಿ ತಯಾರಾದ ಒಣ ಗಾಜು ಬಂದ ಮೇಲೆ ಕೆಲಸ ಹಗುರವಾಯಿತು. ಲಾಲಾ ದೀನ್ ದಯಾಳ್ (1844–1905) ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಆಸ್ಥಾನ ಛಾಯಾಗ್ರಾಹಕರಾಗಿ, ಸಿಕಂದರಾಬಾದಿನಲ್ಲಿ ಸ್ಟುಡಿಯೋ ತೆರೆದರು. ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗೆಂದೇ ಅವರು ನಡೆಸಿದ ಸ್ಟುಡಿಯೋದಲ್ಲಿ ಚಿತ್ರ ತೆಗೆಯುತ್ತಿದ್ದವರೂ ಹೆಂಗಸರೇ. ಈ ಕಲೆ ನಡೆದದ್ದು ಅರಮನೆ, ದರ್ಬಾರು, ಬೇಟೆಗಳ ಸುತ್ತ. ಗದ್ವಾಲವೂ ಒಂದು ಸಂಸ್ಥಾನವೇ. ಕೋಟೆಯೊಳಗಿನ ಚೆನ್ನಕೇಶವನ ಗುಡಿ ಮತ್ತು ವಿದ್ವಾಂಸರ ಸಭೆಗಳಿಂದ ಅದು ಹೆಸರಾಗಿತ್ತು. 1949ರಲ್ಲಿ ಸಂಸ್ಥಾನ ಮುಗಿಯುವವರೆಗೆ ರಾಣಿ ಆದಿಲಕ್ಷ್ಮೀ ದೇವಮ್ಮ ಆಳುತ್ತಿದ್ದರು. ಸಂಸ್ಥಾನಗಳ ಕಾಲದ ಫೋಟೋ ಎಂದರೆ ಕುರ್ಚಿಯಲ್ಲಿ ಕೂತವರ ಫೋಟೋ. ಕೂತವರ ಮುಂದೆ ಹಾಡಿದವರಿಗೆ ಅದರಲ್ಲಿ ಜಾಗ ಸಿಕ್ಕಿದ್ದು ಅಪರೂಪ, ಮತ್ತು ಇದು ನಿಜವಾದ ನಷ್ಟ.

ಜಾತ್ರೆಗೆ ಕ್ಯಾಮೆರಾ ತಂದದ್ದು ಊರೂರು ತಿರುಗುವ ಫೋಟೋಗ್ರಾಫರು. ಬಣ್ಣದ ಪರದೆ ಕಟ್ಟಿ, ಮುಂದೆ ಒಂದು ಸ್ಟೂಲಿಟ್ಟರೆ ಅದೇ ಸ್ಟುಡಿಯೋ. ಪೆಟ್ಟಿಗೆ ಕ್ಯಾಮೆರಾದವರು ಪೆಟ್ಟಿಗೆಯೊಳಗೇ ಕಾಗದ ತೊಳೆದು ಸ್ವಲ್ಪ ಹೊತ್ತಿನಲ್ಲೇ ಚಿತ್ರ ಕೈಗಿಡುತ್ತಿದ್ದರು. ಉಳಿದವರು ಮುಂಗಡ ಪಡೆದು, ಊರಿಗೆ ಹೋಗಿ ರೀಲು ತೊಳೆಸಿ, ಆಮೇಲೆ ಫೋಟೋ ಮುಟ್ಟಿಸುತ್ತಿದ್ದರು. 120 ಅಳತೆಯ ರೋಲಿನಲ್ಲಿ ಚೌಕ ಚಿತ್ರಗಳು ಸಿಗುವುದು ಹನ್ನೆರಡೇ ಆದ್ದರಿಂದ ಒಂದೊಂದೂ ಲೆಕ್ಕದ್ದು. ಭಾರತದಲ್ಲೇ ತಯಾರಾದ ಆಗ್ಫಾ ಕ್ಲಿಕ್ 3 ಕ್ಯಾಮೆರಾ, 1967ರಿಂದ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸಿದ ಫಿಲ್ಮು ಬಂದಾಗ ಕಸುಬು ಸಣ್ಣ ಊರುಗಳವರ ಕೈಗೂ ಎಟುಕಿತು. ಗಿರಾಕಿ ಬೇಡುತ್ತಿದ್ದದ್ದು ಹೆಂಡತಿ ಮಕ್ಕಳೊಂದಿಗೆ ನಿಂತ ಚಿತ್ರ. ಹಾಡುಗಾರರ ಚಿತ್ರಕ್ಕೆ ದುಡ್ಡು ಕೊಡುವವರು ಕಡಿಮೆ.

ಕೊಟ್ಟರೂ ತೆಗೆಯುವುದು ಸುಲಭವಿರಲಿಲ್ಲ. ಗ್ಯಾಸ್ ಬತ್ತಿಯಿಂದ ಎರಡು ಮೀಟರ್ ದೂರ ಕೂತ ಭಜನೆಯವರನ್ನು 100ರ ವೇಗದ ಫಿಲ್ಮಿನಲ್ಲಿ ಹಿಡಿಯಲು ಸಾಧಾರಣ ಮಸೂರಕ್ಕೆ ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ತಬಲದ ಬೆರಳು, ಹಾಡುವವರ ತುಟಿ ಹಲವು ಸಲ ಅಲ್ಲಾಡಿರುತ್ತವೆ. ಮೆಗ್ನೀಸಿಯಂ ಪುಡಿ ಹೊತ್ತಿಸುವ ಉಪಾಯ 1887ರಲ್ಲೂ, ಫ್ಲಾಶ್ ಬಲ್ಬು 1929ರಲ್ಲೂ ಯುರೋಪಿನಲ್ಲಿ ಬಂದವು. ಪುಡಿಯ ಹೊಗೆ ಮತ್ತು ಬೆಂಕಿ ಚಪ್ಪರದ ಕೆಳಗೆ ಅಪಾಯ, ಬಲ್ಬು ಒಂದೇ ಸಲಕ್ಕೆ ಮುಗಿಯುವಂಥದ್ದು. ಎಲೆಕ್ಟ್ರಾನಿಕ್ ಫ್ಲಾಶ್ ಖರ್ಚು ಇಳಿಸಿತಾದರೂ ಬೆಳಕಿನ ನಿಯಮ ಬದಲಾಗಲಿಲ್ಲ. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮುಂದಿನ ಹಾರ್ಮೋನಿಯಂನವರು ಬಿಳಿಚಿಕೊಂಡು, ಹಿಂದಿನ ಮೇಳ ಮಬ್ಬಾಗಿ, ಅದರಾಚೆ ಕೂತ ಸಾವಿರ ಜನ ಕತ್ತಲಲ್ಲಿ ಮಾಯ. ಆ ಕಾಲದ ಇರುಳಿನ ಚಿತ್ರ ನೋಡಿ ಜನವೇ ಇರಲಿಲ್ಲವೆಂದು ತೀರ್ಮಾನಿಸುವುದು ತಪ್ಪು.

ಹೊರಗಿನ ಲೋಕ ಇದಕ್ಕೆ ಕಂಡುಕೊಂಡ ದಾರಿ ವೇಗದ ಫಿಲ್ಮು. ಕೊಡಾಕ್ ಸಂಸ್ಥೆಯ ಟ್ರೈ-ಎಕ್ಸ್ 1954ರಲ್ಲಿ 35 ಮಿಲಿಮೀಟರ್ ಅಳತೆಯಲ್ಲಿ ಬಂತು. ಅದನ್ನು ಹೆಚ್ಚು ಹೊತ್ತು ತೊಳೆದು ವೇಗ ಏರಿಸಿ ಮಂದ ಬೆಳಕಲ್ಲೂ ಬಳಸುತ್ತಿದ್ದರು. ಅಮೆರಿಕದ 1969ರ ವುಡ್‌ಸ್ಟಾಕ್ ಉತ್ಸವದ ಚಿತ್ರಗಳಿಂದ ಹೆನ್ರಿ ಡಿಲ್ಟ್ಸ್ ಹೆಸರಾದರು. ಅವರಿಗೆ ಭಾರೀ ವೇದಿಕೆ ದೀಪಗಳೂ ಇದ್ದವು. ಜಾತ್ರೆಯ ಬಯಲಿಗೆ ಅಂಥ ಬೆಳಕು ಬಂದದ್ದು ವಿಡಿಯೋ ಕ್ಯಾಮೆರಾದ ಬೆನ್ನಿಗೆ. ವಿಡಿಯೋದವರ ಹ್ಯಾಲೋಜನ್ ಲೈಟು ಬಿದ್ದ ಕಡೆ ಫೋಟೋದವರೂ ನಿಂತು ಕೆಲಸ ಸಾಗಿಸಿಕೊಳ್ಳಬಹುದಿತ್ತು. ಅದೇ ಹೊತ್ತಿಗೆ ಬಣ್ಣದ ಲ್ಯಾಬುಗಳು ಹಬ್ಬಿ, ಕಪ್ಪು-ಬಿಳುಪಿನ ಡಾರ್ಕ್ ರೂಮುಗಳು ಒಂದೊಂದಾಗಿ ಮುಚ್ಚಿದವು.

ಹನ್ನೆರಡು ವರ್ಷಕ್ಕೊಮ್ಮೆ ಬರುವ ಕೃಷ್ಣಾ ಪುಷ್ಕರ ಈ ಬದಲಾವಣೆಗೆ ಒಳ್ಳೆಯ ಅಳತೆಗೋಲು. 2004ರ ಪುಷ್ಕರದ ವೇಳೆಗೆ ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ರೀಲು ಇನ್ನೂ ಬಳಕೆಯಲ್ಲಿತ್ತು. 36 ಚಿತ್ರ ಮುಗಿದರೆ ರೀಲು ಬದಲಿಸಬೇಕು, ಬಂದಿದೆಯೋ ಇಲ್ಲವೋ ತೊಳೆದ ಮೇಲೇ ತಿಳಿಯಬೇಕು. 2016ರ ಆಗಸ್ಟ್ 12ರಿಂದ 23ರವರೆಗಿನ ಪುಷ್ಕರದಲ್ಲಿ ಘಾಟುಗಳ ತುಂಬ ಡಿಜಿಟಲ್ ಕ್ಯಾಮೆರಾ, ಮೊಬೈಲು. ನಡುವೆ 2007ರಲ್ಲಿ ಬಂದ ನಿಕಾನ್ ಡಿ3ಯಂಥ ಕ್ಯಾಮೆರಾಗಳು ಬೆಳಕಿನ ಸಂವೇದನೆಯನ್ನು 6400ಕ್ಕೆ ಏರಿಸಿದ್ದವು. 100ಕ್ಕೆ ಹೋಲಿಸಿದರೆ ಇದು 64 ಪಟ್ಟು. ಕಾಲು ಸೆಕೆಂಡು ಬೇಕಿದ್ದ ಅದೇ ಗ್ಯಾಸ್ ಬತ್ತಿಯ ಬೆಳಕಲ್ಲಿ ಈಗ ಸೆಕೆಂಡಿನ 250ನೇ ಒಂದು ಭಾಗ ಸಾಕು. ತಾಳ ಹಾಕುವ ಕೈ ಕೊನೆಗೂ ಚಿತ್ರದಲ್ಲಿ ನಿಂತಿತು.

ಇದರಿಂದ ಕಸುಬಿನ ರೀತಿಯೂ ಬದಲಾಯಿತು. ಫ್ಲಾಶ್ ಇಲ್ಲದೆ ತೆಗೆಯಬಹುದಾದ್ದರಿಂದ ಕಣ್ಣು ಮುಚ್ಚಿ ಹಾಡುವವರಿಗೆ ತೊಂದರೆಯಿಲ್ಲ. ಮೈಕು ಮುಖಕ್ಕೆ ಅಡ್ಡ ಬರದಂತೆ ಓರೆಯಾಗಿ ನಿಲ್ಲುವುದು, ಹಿಂದೆ ಕೂತವರಿಗೆ ಮರೆಯಾಗದಂತೆ ತಗ್ಗಿ ಸರಿಯುವುದು, ಪಲ್ಲವಿ ಮರಳುವ ಜಾಗ ತಿಳಿದು ಕಾಯುವುದು ಮುಖ್ಯವಾದವು. ಪದ ಬಲ್ಲವರಿಗೆ ಈ ಕೆಲಸ ಬೇಗ ಒಲಿಯುತ್ತದೆ. ಆದರೆ ಎಲ್ಲರ ಕೈಯಲ್ಲೂ ಮೊಬೈಲು ಬಂದ ಮೇಲೆ ಜಾತ್ರೆಯಲ್ಲಿ ಪರದೆ ಕಟ್ಟಿ ಬದುಕುವುದು ಕಷ್ಟವಾಯಿತು. ಸ್ಟುಡಿಯೋಗಳು ಮದುವೆ, ಪಾಸ್‌ಪೋರ್ಟ್ ಸೈಜಿನ ಫೋಟೋಗಳ ಆಧಾರಕ್ಕೆ ಸರಿದವು.

ಹಳೆಯ ಚಿತ್ರಗಳ ಪಾಡು ಒಂದೇ ತೆರನಲ್ಲ. ದೀನ್ ದಯಾಳರ 2,857 ಗಾಜಿನ ನೆಗೆಟಿವ್‌ಗಳನ್ನು 1989ರಲ್ಲಿ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಪಡೆದು ಕಾಪಾಡಿದೆ. ಸಣ್ಣ ಊರಿನ ಸ್ಟುಡಿಯೋಗಳ ನೆಗೆಟಿವ್‌ಗಳಿಗೆ ಅಂಥ ಮನೆಯಿಲ್ಲ. ಸೆಕೆ ಮತ್ತು ತೇವದಲ್ಲಿ ಅಸಿಟೇಟ್ ಫಿಲ್ಮು ಹುಳಿ ವಾಸನೆ ಬಂದು ಸುರುಟಿಕೊಳ್ಳುತ್ತದೆ, ಬಣ್ಣದ ನೆಗೆಟಿವ್ ಮಾಸುತ್ತದೆ. ಹೈಪೋ ಉಳಿಯದಂತೆ ಚೆನ್ನಾಗಿ ತೊಳೆದ ಕಪ್ಪು-ಬಿಳುಪು ನೆಗೆಟಿವ್ ಬಣ್ಣದ್ದಕ್ಕಿಂತ ಹೆಚ್ಚು ಬಾಳುತ್ತದೆ. ಗಡಿಸೀಮೆಯ ಹಳೆಯ ಜಾತ್ರೆಗಳ ಚಿತ್ರ ಹುಡುಕುವವರು ಮೊದಲು ನೋಡಬೇಕಾದದ್ದು ಮುಚ್ಚಿದ ಸ್ಟುಡಿಯೋಗಳ ಮನೆಯವರ ಬಳಿ ಉಳಿದಿರಬಹುದಾದ ಅಂಥ ನೆಗೆಟಿವ್‌ಗಳನ್ನೇ.