ತ-ಕ-ಧಿ-ಮಿ ಮತ್ತು ಒಂದು ಡಿಲೇ ಪೆಡಲ್

2019ರ ಡಿಸೆಂಬರ್ 15ರಂದು ಐರ್ಲೆಂಡಿನ ಯು2 ತಂಡ ನವಿ ಮುಂಬೈನ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ ನುಡಿಸಿತು. ಹಿಂದಿನ ಸಾಲಿನಲ್ಲಿದ್ದ ನನಗೆ ‘ವೇರ್ ದ ಸ್ಟ್ರೀಟ್ಸ್ ಹ್ಯಾವ್ ನೋ ನೇಮ್’ ಶುರುವಾದಾಗ ಬೆರಗು. ಲೀಡ್ ಗಿಟಾರ್ ಒಬ್ಬನ ಕೈಯಲ್ಲಿ, ಕೇಳಿಸುವ ಸ್ವರಗಳು ಇಬ್ಬರದು! ಹಾಸ್ಟೆಲ್ ದಿನಗಳ ನಂತರ ಮೂಲೆ ಸೇರಿದ್ದ ಗಿಟಾರಿನ ಧೂಳು ಒರೆಸಿ ಒಂದು ಡಿಲೇ ಪೆಡಲ್ ಕೊಂಡೆ. ನುಡಿಸಿದರೆ ಬರೀ ಗೋಜಲು. ತಪ್ಪೆಲ್ಲಿ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ಈ ಚರಿತ್ರೆ.

ಮಾರ್ದನಿಯನ್ನು ಯಂತ್ರದಿಂದ ಹೊರಡಿಸುವ ಆಟ ಟೇಪ್ ರೆಕಾರ್ಡರಿನಿಂದ ಬಂತು. ಟೇಪಿನ ಮೇಲೆ ದನಿ ಬರೆಯುವ ಹೆಡ್ ಒಂದು, ತುಸು ಮುಂದೆ ಅದನ್ನು ಓದುವ ಹೆಡ್ ಇನ್ನೊಂದು. ಅಷ್ಟು ದೂರ ಟೇಪ್ ಸಾಗುವ ಹೊತ್ತೇ ಡಿಲೇ. 1950ರ ದಶಕದಲ್ಲಿ ಮೆಂಫಿಸ್‌ನ ಸ್ಯಾಮ್ ಫಿಲಿಪ್ಸ್ ಎಲ್ವಿಸ್ ಪ್ರೀಸ್ಲಿಯ ದನಿಗೆ ಕೊಟ್ಟ ‘ಸ್ಲ್ಯಾಪ್‌ಬ್ಯಾಕ್’ ಇದೇ. ಇಟಲಿಯ ಬಿನ್ಸನ್ ಕಂಪನಿ ಟೇಪಿನ ಬದಲು ತಿರುಗುವ ಕಾಂತೀಯ ಡ್ರಮ್ ಬಳಸಿತು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅದನ್ನು ಪ್ರಸಿದ್ಧಗೊಳಿಸಿದ. ಆದರೆ ತಿರುಗುವ ಭಾಗಗಳಿದ್ದ ಇಂಥ ಪೆಟ್ಟಿಗೆಗಳನ್ನು ಊರೂರಿಗೆ ಹೊತ್ತೊಯ್ಯುವುದು ಕಷ್ಟವೇ.

1969ರಲ್ಲಿ ಫಿಲಿಪ್ಸ್ ಪ್ರಯೋಗಾಲಯದ ಸ್ಯಾಂಗ್‌ಸ್ಟರ್ ಮತ್ತು ಟೀರ್ ‘ಬಕೆಟ್ ಬ್ರಿಗೇಡ್’ ಎಂಬ ಸರ್ಕಿಟ್ ರೂಪಿಸಿದರು. ಬೆಂಕಿ ಬಿದ್ದಾಗ ಬಾವಿಯಿಂದ ಸಾಲಾಗಿ ನಿಂತು ಕೈಯಿಂದ ಕೈಗೆ ಕೊಡ ದಾಟಿಸುವುದಿಲ್ಲವೇ? ಹಾಗೆಯೇ ಇಲ್ಲಿ ಸಾವಿರಾರು ಕೆಪಾಸಿಟರುಗಳು ವಿದ್ಯುದಂಶವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಸದ್ದಡಗಿಸಲು ಹಾಕುವ ಫಿಲ್ಟರುಗಳಿಂದ ಮೇಲಿನ ಸ್ವರಾಂಶಗಳು ಸೋರಿಹೋಗುತ್ತವೆ. ಆ ಮಂಕು ಮಾರ್ದನಿಯೇ ಕಿವಿಗೆ ಹಿತ. ನ್ಯೂಯಾರ್ಕಿನ ಎಲೆಕ್ಟ್ರೋ-ಹಾರ್ಮೋನಿಕ್ಸ್ 1970ರ ದಶಕದಲ್ಲಿ ಇದನ್ನು ‘ಮೆಮೊರಿ ಮ್ಯಾನ್’ ಪೆಡಲಾಗಿ ಮಾರಿತು.

ಡಬ್ಲಿನ್ನಿನ ಡೇವಿಡ್ ಇವಾನ್ಸ್, ಅಂದರೆ ಯು2ನ ‘ದಿ ಎಡ್ಜ್’, ಇದನ್ನು ಕೊಂಡದ್ದಕ್ಕೆ ಕಾರಣವಿತ್ತು. ತಂಡದಲ್ಲಿದ್ದದ್ದು ಒಂದು ಗಿಟಾರ್, ಒಂದು ಬಾಸ್, ಒಂದು ಡ್ರಮ್ ಸೆಟ್. ನಡುವಿನ ಖಾಲಿ ಜಾಗ ಮುಚ್ಚಬೇಕಿತ್ತು. ಎಕೋ ಯಂತ್ರ ತರಿಸಲು ಹಟ ಹಿಡಿದವನು ಗಾಯಕ ಬೋನೊ. 1980ರ ‘ಬಾಯ್’ ಆಲ್ಬಮ್ಮಿನಲ್ಲೇ ಅದರ ಫಲ ಕೇಳಿಸುತ್ತದೆ. ಮುಂದೆ ಕೋರ್ಗ್ ಎಸ್‌ಡಿಡಿ-3000 ಎಂಬ ಡಿಜಿಟಲ್ ಡಿಲೇ ಬಂತು. 1987ರ ‘ದ ಜೋಶುವಾ ಟ್ರೀ’ ಹೊತ್ತಿಗೆ ಆ ನಾದ ಅವನ ಸಹಿಯಾಗಿತ್ತು.

ಗುಟ್ಟು ಲೆಕ್ಕದಲ್ಲಿದೆ. ನಿಮಿಷಕ್ಕೆ 126 ಬೀಟ್ ಎಂದರೆ ಒಂದು ಬೀಟಿಗೆ ಸುಮಾರು 476 ಮಿಲಿಸೆಕೆಂಡ್. ಡಿಲೇಯನ್ನು ಅದರ ಮುಕ್ಕಾಲಿಗೆ, ಅಂದರೆ 357ಕ್ಕೆ ಇಡಬೇಕು. ನಮ್ಮ ತ-ಕ-ಧಿ-ಮಿ ನೆನೆಯಿರಿ. ಬೆರಳು ನುಡಿಸುವುದು ‘ತ’ ಮತ್ತು ‘ಧಿ’ ಮಾತ್ರ. ಮೂರು ಮಾತ್ರೆ ತಡವಾಗಿ ಮರಳುವ ‘ತ’ ಬಂದು ‘ಮಿ’ಯ ಜಾಗದಲ್ಲಿ ಕೂರುತ್ತದೆ, ‘ಧಿ’ ಮರಳಿ ಮುಂದಿನ ಬೀಟಿನ ‘ಕ’ ಆಗುತ್ತದೆ. ಮಾರ್ದನಿಯ ಮಟ್ಟ ಮೂಲ ಸ್ವರದ ಹತ್ತಿರಕ್ಕಿರಬೇಕು, ಮರುಕಳಿಕೆ ಎರಡು-ಮೂರು ಸಾಕು, ಡಿಸ್ಟಾರ್ಷನ್ ತೀರಾ ಕಡಿಮೆ.

ಇಷ್ಟೆಲ್ಲ ಹೊಂದಿಸಿದ ಮೇಲೂ ನನ್ನದು ಗೋಜಲೇ. ರೆಕಾರ್ಡ್ ಮಾಡಿ ಕೇಳಿದೆ. ಪೆಡಲ್ ಸರಿಯಾಗಿತ್ತು, ನಾನು ಪ್ರತಿ ಬೀಟಿಗೂ ಒಂದಿಷ್ಟು ಮುಂದೆ ಓಡುತ್ತಿದ್ದೆ. ಹಾಸ್ಟೆಲಿನಲ್ಲಿ ಜೋರಾಗಿ ಸ್ಟ್ರಮ್ ಮಾಡಿ ಮುಚ್ಚಿಡುತ್ತಿದ್ದ ತಪ್ಪನ್ನು ಡಿಲೇ ಮತ್ತೆ ಮತ್ತೆ ಎತ್ತಿ ಹೇಳುತ್ತಿತ್ತು. ವಾರವಿಡೀ ಆಫೀಸಿನಲ್ಲಿ ಡೆಡ್‌ಲೈನ್ ಬಗ್ಗೆ ಉಪದೇಶ ಮಾಡುವವನಿಗೆ 357 ಮಿಲಿಸೆಕೆಂಡಿನ ಒಂದು ಗಡುವು ಪಾಲಿಸಲು ಬರುತ್ತಿರಲಿಲ್ಲ! ಇನ್ನೂ ದುಬಾರಿ ಪೆಡಲಿನ ಆಸೆ ಅಲ್ಲಿಗೆ ಬಿಟ್ಟಿತು. ಎಡ್ಜ್ ತನ್ನ ತಂಡದ ಕೊರತೆ ತುಂಬಲು ಯಂತ್ರ ತಂದ. ನಾನು ನನ್ನ ಕೊರತೆ ಅಡಗಿಸಲು ತಂದಿದ್ದೆ.

ಈಗ ಭಾನುವಾರ ಬೆಳಗ್ಗೆ ಪೆಡಲ್ ಆಫ್ ಮಾಡಿ, ಮೆಟ್ರೊನೋಮ್ ಹಾಕಿ, ‘ತ’ ಮತ್ತು ‘ಧಿ’ ಅಷ್ಟೇ ನುಡಿಸುತ್ತೇನೆ. ‘ಕ’ ಮತ್ತು ‘ಮಿ’ಯ ಜಾಗ ಸದ್ಯಕ್ಕೆ ಖಾಲಿಯೇ ಇದೆ.