ಒಂದು ಬೈ-ಟೂ ಕಾಫಿಯಷ್ಟು ನೀರು

ಬಸವೇಶ್ವರನಗರದ ನಮ್ಮ ಪಕ್ಕದ್ಮನೆ ಪಾಪುಗೆ ಹಾರ್ಟ್ ಆಪರೇಷನ್ ಆದ ದಿನ ನಾನೂ ಆಸ್ಪತ್ರೆ ಕಾರಿಡಾರ್‌ನಲ್ಲಿ ಕೂತಿದ್ದೆ. ತೂಕ 8 ಕೆಜಿ. ಕೆಜಿಗೆ ಸುಮಾರು 80 ಎಂಎಲ್ ಅಂದ್ರೆ ಮೈಯಲ್ಲಿರೋ ರಕ್ತವೆಲ್ಲ ಸೇರಿ 640 ಎಂಎಲ್. ಒಂದು ಲೀಟರ್ ಬಾಟಲಿಯೂ ತುಂಬಲ್ಲ! ಟೇಬಲ್ ಮೇಲೆ ಬಿಪಿ ಇಳಿದ್ರೆ ಸಾಮಾನ್ಯವಾಗಿ ಡ್ರಿಪ್‌ನಲ್ಲಿ ಕೊಡೋದು ಕೆಜಿಗೆ 10 ಎಂಎಲ್. ಈ ಪಾಪುಗೆ 80, ಬೈ-ಟೂ ಕಾಫಿಯಷ್ಟು. ಕೊಡಬೇಕಾ, ಬೇಡವಾ?

ಪ್ರಶ್ನೆ ಹಳೇದು. 1832ರಲ್ಲಿ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲಾಟಾ ಅನ್ನೋ ಡಾಕ್ಟರ್, ಕಾಲರಾದಿಂದ ಸಾಯೋ ಸ್ಥಿತಿಯಲ್ಲಿದ್ದ ಅಜ್ಜಿಯ ರಕ್ತನಾಳಕ್ಕೆ ಉಪ್ಪುನೀರು ಬಿಟ್ಟರು. ಅಜ್ಜಿ ಚೇತರಿಸಿಕೊಂಡು ಮಾತಾಡಿದರು. ಲಾಟಾ ಅತ್ತ ಹೋದಮೇಲೆ ಭೇದಿ ಮರುಕಳಿಸಿ, ಕೆಲವೇ ಗಂಟೆಯಲ್ಲಿ ತೀರಿಕೊಂಡರು. ಎಷ್ಟು ಕೊಟ್ಟರೆ ಸಾಕು ಅಂತ ಹೇಳೋ ಅಳತೆಯೇ ಆಗ ಇರಲಿಲ್ಲ.

1914ರ ಹೊತ್ತಿಗೆ ಲಂಡನ್ನಿನ ಅರ್ನೆಸ್ಟ್ ಸ್ಟಾರ್ಲಿಂಗ್ ತೋರಿಸಿದ್ರು: ಹೃದಯ ತುಂಬಿದಷ್ಟೂ ಜೋರಾಗಿ ಒತ್ತುತ್ತೆ, ಆದರೆ ಒಂದು ಮಿತಿವರೆಗೆ. ಅದು ದಾಟಿದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತೆ.

ನಮ್ಮ ವಿಜಯನಗರದ ಕಡೆ ಹಾರ್ಟ್ ಅಂದ್ರೆ ಜನ ಜಯದೇವ ಅಂತಾರೆ. 1972ರಲ್ಲಿ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಅದು ಶುರುವಾದ ಕಾಲಕ್ಕೆ ಜಗತ್ತಿನ ಡಾಕ್ಟರುಗಳು ನಂಬಿದ್ದು ಸಿವಿಪಿಯನ್ನ, ಅಂದ್ರೆ ಹೃದಯಕ್ಕೆ ವಾಪಸ್ ಬರೋ ದೊಡ್ಡ ರಕ್ತನಾಳದ ಒತ್ತಡ. ಆಮೇಲೆ ಗೊತ್ತಾಯ್ತು, ಅದನ್ನ ನೋಡಿ ನೀರು ಕೊಡೋದು ಟಾಸ್ ಹಾಕಿದಂಗೆ.

2000ದಲ್ಲಿ ಫ್ರಾನ್ಸಿನ ಫ್ರೆಡರಿಕ್ ಮಿಷಾರ್ ತಂಡ ವೆಂಟಿಲೇಟರ್‌ನಲ್ಲೇ ಸುಳಿವು ಹಿಡಿಯಿತು. ಮೆಷಿನ್ ಗಾಳಿ ಒತ್ತಿದಾಗ ಎದೆಯೊಳಗೆ ಒತ್ತಡ ಏರಿ, ಹೃದಯಕ್ಕೆ ವಾಪಸ್ ಬರೋ ರಕ್ತ ಕಮ್ಮಿಯಾಗುತ್ತೆ. ಹೃದಯ ಖಾಲಿ ಖಾಲಿ ಇದ್ರೆ ನಾಡಿಯ ಒತ್ತಡ ಉಸಿರಿನ ಜೊತೆ ಉಯ್ಯಾಲೆ ಆಡುತ್ತೆ. ಏರಿಳಿತ 13%ಗಿಂತ ಜಾಸ್ತಿ ಇದ್ರೆ ನೀರು ಕೆಲಸ ಮಾಡುತ್ತೆ. ಎಷ್ಟು ಚೆಂದ ಅಲ್ವಾ?

ದೊಡ್ಡವರಿಗೆ ಮಾತ್ರ. ಮಕ್ಕಳ ಎದೆಗೂಡು ಮೆತ್ತಗೆ, ರಕ್ತನಾಳ ರಬ್ಬರ್ ಥರ. ಉಯ್ಯಾಲೆ ಸರಿಯಾಗಿ ಕಾಣಲ್ಲ. ಸರ್ಜರಿಯಲ್ಲಿ ಎದೆ ತೆರೆದ ಮೇಲಂತೂ ಒತ್ತಡದ ಲೆಕ್ಕವೇ ತಪ್ಪುತ್ತೆ. 2008ರಲ್ಲಿ ಫ್ರಾನ್ಸಿನದೇ ಇನ್ನೊಂದು ತಂಡ ವೆಂಟಿಲೇಟರ್ ಮೇಲಿದ್ದ 26 ಮಕ್ಕಳಲ್ಲಿ ಒತ್ತಡ ಬಿಟ್ಟು, ಮಹಾಪಧಮನಿಯಲ್ಲಿ ರಕ್ತ ಹರಿಯೋ ವೇಗವನ್ನ ಎಕೋದಲ್ಲಿ ನೋಡಿತು. ಅದು ಹೇಳಿತು, ನಾಡಿಯ ಒತ್ತಡ ಹೇಳಲಿಲ್ಲ.

ಜಾಸ್ತಿ ಕೊಟ್ರೆ ಏನಾಗುತ್ತೆ? 2011ರಲ್ಲಿ ಪ್ರಕಟವಾದ ಫೀಸ್ಟ್ ಅಧ್ಯಯನ ನೋಡಿ. ಅವು ಹಾರ್ಟ್ ಸರ್ಜರಿ ಮಕ್ಕಳಲ್ಲ, ಉಗಾಂಡ, ಕೀನ್ಯಾ, ಟಾಂಜಾನಿಯಾದಲ್ಲಿ ತೀವ್ರ ಜ್ವರದಿಂದ ಬಳಲುತ್ತಿದ್ದ 3,141 ಮಕ್ಕಳು. ಬೇಗ ಬೇಗ ಡ್ರಿಪ್ ಕೊಟ್ಟವರಲ್ಲಿ 48 ಗಂಟೆಯೊಳಗೆ ಸತ್ತವರು ನೂರಕ್ಕೆ ಹತ್ತಕ್ಕೂ ಹೆಚ್ಚು, ಕೊಡದವರಲ್ಲಿ ಏಳು ಚಿಲ್ಲರೆ. ಇದನ್ನ ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಒಳಗೆ ಆ 80 ಎಂಎಲ್ ಕೊಟ್ಟರೋ ಇಲ್ಲವೋ, ನಾವು ಕೇಳಲಿಲ್ಲ. ಮೂರನೇ ದಿನ ವೆಂಟಿಲೇಟರ್ ತೆಗೆದರು. ಪಾಪು ಮೊದಲು ಮಾಡಿದ್ದು, ನರ್ಸ್ ಅಕ್ಕನ ಐಡಿ ಕಾರ್ಡ್ ಹಿಡಿದು ಎಳೆದದ್ದು.